ಇರುವೆ ಹತ್ತಿದ ಕಾಲು

ನನ್ನ ಸೋದರಮಾವನ ಬಲಗಾಲಿಗೆ ಇರುವೆ ಮುತ್ತಿದ್ದನ್ನು ನಾನು ನೋಡಿದ್ದೇನೆ. ಅಕ್ಕಿಹೆಬ್ಬಾಳಿನ ಆಚೆ, ಹೇಮಾವತಿಗೆ ಹತ್ತಿರವಿರುವ ಅವನ ಗದ್ದೆಯ ಬದುವಿನಲ್ಲಿ, ಹೊಂಗೆ ಮರದ ಕೆಳಗೆ. ಮಧ್ಯಾಹ್ನದ ಹೊತ್ತು. ಮಾವ ಕಲ್ಲಿನ ಮೇಲೆ ಕೂತು ನಾಲೆಯ ನೀರಿನ ಸರದಿ ಯಾರಿಗೆ ಯಾವ ದಿನ ಎಂದು ಹೇಳುತ್ತಿದ್ದ. ನಾನು ಎದುರಿಗೆ ನಿಂತಿದ್ದೆ. ಅವನ ಪಾದ ಕೆಂಪಗಿತ್ತು. ಕೆಮ್ಮಣ್ಣು ಮೆತ್ತಿದೆ ಅಂದುಕೊಂಡೆ. ಆಮೇಲೆ ಆ ಮಣ್ಣು ಅಲುಗಾಡುತ್ತಿದೆ ಅನ್ನಿಸಿತು. ಬೆರಳ ಸಂದಿಯಿಂದ ಹಿಮ್ಮಡಿಯವರೆಗೆ ಕೆಂಪಿರುವೆ. ಮಾವ ಮಾತು ನಿಲ್ಲಿಸಿರಲಿಲ್ಲ.

"ಮಾವ, ಕಾಲು!" ಎಂದು ಕೂಗಿದೆ. ಅವನು ಬಗ್ಗಿ ನೋಡಿದ. ಪಕ್ಕದವರ ಕೊಟ್ಟಿಗೆಯಲ್ಲಿ ಏನೋ ಸದ್ದಾಯಿತೆಂದು ಇಣುಕಿ ನೋಡುವವನ ಹಾಗೆ ನೋಡಿದ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಬಿಂದಿಗೆಯ ನೀರನ್ನು ಆ ಪಾದದ ಮೇಲೆ ಸುರಿದಳು.

ಇಷ್ಟು ನನಗೆ ನೆನಪಿದೆ. ಯಾವ ತಿಂಗಳು, ಯಾವ ವರ್ಷ, ಆ ಹೆಂಗಸು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಆ ಉತ್ತರದ ಮೇಲೆ ಮಾವನ ಕಾಲು ನಿಂತಿದೆ ಎಂದು ಒಂದು ದಿನ ಆಸ್ಪತ್ರೆಯಲ್ಲಿ ಗೊತ್ತಾಯಿತು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಶ್ರೀರಂಗಪಟ್ಟಣದಲ್ಲಿ ಪಿಯುಸಿ ಹುಡುಗರಿಗೆ ಪಾಠ ಹೇಳುತ್ತೇನೆ. "ಕಣ್ಣಾರೆ ಕಂಡೆ" ಅನ್ನುವವರನ್ನು ಮೊದಲಿಂದಲೂ ನಂಬಿದವನಲ್ಲ. ದೆವ್ವ ಕಂಡವರು, ದೇವರು ಕಂಡವರು, ಹುಣಸೆ ಮರದಲ್ಲಿ ದೀಪ ಕಂಡವರು ಎಲ್ಲರೂ ಕಣ್ಣಾರೆಯೇ ಕಂಡಿರುತ್ತಾರೆ. ಮನೆಯಲ್ಲಿ ಯಾರಾದರೂ ಹಳೆಯ ಸಂಗತಿ ಹೇಳಲು ಶುರು ಮಾಡಿದರೆ ಎಷ್ಟು ಗಂಟೆಗೆ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿ ಅವರ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಅದರಿಂದಾಗಿ ನೆಂಟರ ಮನೆಗಳಲ್ಲಿ ನನಗೆ ಅಷ್ಟೊಂದು ಮರ್ಯಾದೆಯಿಲ್ಲ.

ಮಾವ ಮಾತ್ರ ನನ್ನ ಚಾಳಿಯನ್ನು ಮೆಚ್ಚುತ್ತಿದ್ದ. ಅಥವಾ ಮೆಚ್ಚಿದಂತೆ ನಗುತ್ತಿದ್ದ. ಅವನು ಆಲೆಮನೆಯಲ್ಲಿ ಪಾಕ ನೋಡುವವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿದ ಮೇಲೆ ಅದನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಹೇಳುವವನು ಒಬ್ಬನೇ. ಮೊದಲೇ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಬೇರೆಯವರು ಬೆರಳನ್ನು ತಣ್ಣೀರಿನಲ್ಲಿ ಅದ್ದಿ, ಆ ಒದ್ದೆ ಬೆರಳಿನಲ್ಲಿ ಕುದಿಯುವ ಪಾಕವನ್ನು ಚೂರು ತೆಗೆದು, ಮತ್ತೆ ನೀರಿಗೆ ಹಾಕಿ ಉಂಡೆ ಮಾಡಿ ನೋಡುತ್ತಾರೆ. ಮಾವನೂ ಮೊದಲು ಹಾಗೇ ಮಾಡುತ್ತಿದ್ದನಂತೆ. ಯಾವುದೋ ಒಂದು ವರ್ಷದಿಂದ ನೀರಿನ ಬಟ್ಟಲನ್ನು ಕೇಳುವುದು ಬಿಟ್ಟ. ಒಣ ಬೆರಳಿನಲ್ಲೇ ಪಾಕ ತೆಗೆದು ಅಂಗೈಯಲ್ಲಿ ಉರುಳಿಸುತ್ತಿದ್ದ. ಸುಡುತ್ತಿರಲಿಲ್ಲ.

"ಅಮ್ಮ ಮುಟ್ಟಿದ ಕೈ" ಅಂದರು ಊರಿನವರು. ಅಮ್ಮ ಅಂದರೆ ಗ್ರಾಮದೇವತೆ. ಆಮೇಲೆ ಅದೇ ಪದ್ಧತಿಯಾಯಿತು. ಪ್ರತಿ ಸಲ ಕಬ್ಬು ಅರೆಯಲು ಶುರು ಮಾಡಿದಾಗ ಮೊದಲ ಕೊಪ್ಪರಿಗೆಯ ಪಾಕವನ್ನು ಮಾವನೇ ಬರಿಗೈಯಲ್ಲಿ ತೆಗೆದು ಒಲೆಯ ಮುಂದೆ ಬಾಳೆಲೆಯ ಮೇಲೆ ಇಡಬೇಕು. ಅವನು ಇಡದೆ ಎರಡನೆಯ ಕೊಪ್ಪರಿಗೆಗೆ ಬೆಂಕಿ ಇಲ್ಲ. ಜ್ವರ ಬಂದ ಮಕ್ಕಳನ್ನು ತಾಯಂದಿರು ಆಲೆಮನೆಗೆ ಎತ್ತಿಕೊಂಡು ಬಂದು ಆ ಕೈಯನ್ನು ಹಣೆಯ ಮೇಲೆ ಇಡಿಸಿಕೊಂಡು ಹೋಗುತ್ತಿದ್ದರು. ಜ್ವರವನ್ನು ನೋಡಲು ಹಣೆ ಮುಟ್ಟುತ್ತೇವೆ. ಮಾವನಿಗೆ ಆ ಹಣೆ ಬಿಸಿಯೋ ತಣ್ಣಗೋ ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಎಂ.ಎಸ್ಸಿ. ಮುಗಿಸಿ ರಜೆಗೆ ಹೋಗಿದ್ದಾಗ ನಾನು ಈ ಪದ್ಧತಿಯನ್ನು ನೋಡಿದೆ. ಬಾಳೆಲೆಯ ಮುಂದೆ ಜನ ಕೈ ಮುಗಿಯುತ್ತಿದ್ದರು. ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿಕೊಂಡು ಅರ್ಧ ಗಂಟೆ ಭಾಷಣ ಮಾಡಿದೆ. ಕೈಯ ಮೇಲೆ ತೇವ ಇದ್ದರೆ ಅದು ಬಿಸಿಗೆ ಆವಿಯಾಗುತ್ತದೆ, ಆ ಆವಿಯೇ ಪರದೆಯ ಹಾಗೆ ಚರ್ಮವನ್ನು ಒಂದು ಗಳಿಗೆ ಕಾಯುತ್ತದೆ, ಇದರಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ ಎಂದೆ.

ಒಲೆಗೆ ಸಿಪ್ಪೆ ತುರುಕುತ್ತಿದ್ದವನು ಕೇಳಿದ: "ತೇವ ಎಲ್ಲದೆ ಸ್ವಾಮಿ? ನಿಮ್ ಮಾವ ನೀರೇ ಮುಟ್ನಿಲ್ವಲ್ಲ."

"ಬೆವರು ಇದೆಯಲ್ಲ, ಅದೇ ಸಾಕು" ಅಂದೆ.

"ಓದ್ದೋನು ಏಳ್ತಾವ್ನೆ, ಕೇಳ್ರಲಾ" ಅಂದ ಮಾವ, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಿತು.

ಆ ದಿನ ಒಲೆಯ ಬಿಸಿಗೆ ಮಾವನ ಎದೆ, ಬೆನ್ನು, ಕತ್ತು ಎಲ್ಲ ಬೆವರಿನಲ್ಲಿ ಹೊಳೆಯುತ್ತಿದ್ದವು. ಬಲ ಮೊಣಕೈಯಿಂದ ಕಿರುಬೆರಳಿನವರೆಗೆ ಮಾತ್ರ ಒಂದು ಪಟ್ಟೆ ಒಣಗಿತ್ತು. ರಾಗಿ ಹಿಟ್ಟು ಸವರಿದ ಹಾಗೆ, ಮಂಕಾಗಿ, ರೋಮವಿಲ್ಲದೆ. ಹೀಗೆಂದು ಈಗ ನನಗೆ ನೆನಪಿದೆ. ಆಗಲೇ ಕಂಡಿದ್ದರೆ ಬೆವರಿನ ಮಾತು ಹೇಗೆ ಆಡುತ್ತಿದ್ದೆ? ನರ ಸತ್ತ ಚರ್ಮ ಬೆವರುವುದಿಲ್ಲ ಎಂದು ವರ್ಷಗಳ ಮೇಲೆ ಓದಿದ್ದರಿಂದ ಆ ಒಣ ಪಟ್ಟೆಯನ್ನು ನಾನೇ ಹಿಂದಕ್ಕೆ ಹೋಗಿ ಅಲ್ಲಿ ಅಂಟಿಸಿರಬೇಕು. ಇಲ್ಲವೇ ಕಂಡಿದ್ದೆ, ಕಂಡೂ ನನ್ನ ಭಾಷಣ ನಿಲ್ಲಿಸಲಿಲ್ಲ. ಎರಡರಲ್ಲಿ ಯಾವುದು ವಾಸಿಯೋ ತಿಳಿಯದು.

ಏಳು ವರ್ಷ ಹಾಗೇ ಹೋಯಿತು. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾವ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಮುದ್ದೆ ಬಡಿಸಿದಳು. ಒಲೆಯಿಂದ ಈಗ ತಾನೇ ಇಳಿಸಿದ ಮುದ್ದೆ. ನಾವು ಆರಲೆಂದು ಕಾಯುತ್ತಿದ್ದೆವು, ಮಾವ ಆಗಲೇ ಮುರಿಯುತ್ತಿದ್ದ. ಮುರಿಯುವಾಗ ಕಿರುಬೆರಳು, ಉಂಗುರಬೆರಳು ಎರಡೂ ಮಡಚಿಕೊಂಡೇ ಇದ್ದವು. ನಾನು ತಣ್ಣನೆಯ ನೀರಿನ ಲೋಟವನ್ನು ಅವನಿಗೆ ಕಾಣದ ಹಾಗೆ ಮುಂಗೈಗೆ ತಾಗಿಸಿದೆ. ಅವನು ಊಟ ಮಾಡುತ್ತಲೇ ಇದ್ದ. ಲೋಟವನ್ನು ಒತ್ತಿ ಹಿಡಿದೆ. "ಸಾರು ಚೆಂದಾಗದೆ ಕಣವ್ವ" ಅಂದ ನನ್ನ ಹೆಂಡತಿಗೆ.

ಯುಗಾದಿ ಹತ್ತಿರ ಬರುವ ಹೊತ್ತಿಗೆ ಅಂತೂ ಅವನನ್ನು ಒಪ್ಪಿಸಿ ನಮ್ಮ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮಾವನ ಮೊಣಕೈಯ ಒಳಬದಿಯನ್ನು ಬೆರಳಿನಲ್ಲಿ ತಡವಿ, ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಚರ್ಮದ ಕೆಳಗೆ ಹುರಿಹಗ್ಗದಂಥದ್ದು ಉರುಳಿತು. "ಇದು ನರ. ನಿಮ್ಮದು ಮುಟ್ಟಿ ನೋಡಿಕೊಳ್ಳಿ, ದಾರದ ಹಾಗಿರುತ್ತೆ" ಅಂದರು. ನಮ್ಮ ಹಳ್ಳಿಗಳಲ್ಲಿ ಹೆಸರೆತ್ತದೆ "ದೊಡ್ಡ ರೋಗ" ಅನ್ನುವ ಕುಷ್ಠವೇ ಅದು. ಕೆಟ್ಟದನ್ನೆಲ್ಲ ರೋಗಾಣುವೇ ಮಾಡುವುದಿಲ್ಲ ಎಂದರು ಡಾಕ್ಟರು. ಅದು ನರದೊಳಗೆ ಹೊಕ್ಕು ಸುಮ್ಮನೆ ಮಲಗಿರುತ್ತದೆ. ದೇಹದ ಕಾವಲಿಗೆ ಕೆಲವು ಸಲ ಅದು ಕಾಣುವುದೇ ಇಲ್ಲ. ಕಂಡಾಗ ಅದನ್ನು ಹೊಡೆಯಲು ಹೋಗಿ ನರವನ್ನೇ ಹೊಡೆದು ಹಾಕುತ್ತದೆ.

ಮಾವ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಾತ್ರೆ ತಗಂಡ್ರೆ ಈ ಕೈಗೆ ಬಿಸಿ ತಾಗ್ತದಾ, ಅವ್ವ?"

"ಇಲ್ಲ, ಕೈಯ ತೊಂದರೆ ತುಂಬ ಹಳೇದು. ಸ್ಪರ್ಶ ವಾಪಸ್ಸು ಬರೋದು ಕಷ್ಟ. ಆದರೆ ಇನ್ನೂ ಹರಡೋದು ನಿಲ್ಲುತ್ತೆ."

ಮಾವನ ಮುಖದಲ್ಲಿ ಸಮಾಧಾನ ಕಂಡಿತು. ಪಾಕ ತೆಗೆಯುವ ಕೈ ಹಾಗೇ ಉಳಿಯುತ್ತದೆ ಎಂಬ ಸಮಾಧಾನ.

ಕೈ ನೋಡಿದ ಮೇಲೆ ಡಾಕ್ಟರು ಸ್ಟೂಲನ್ನು ಎಳೆದು, "ಕಾಲು ಇದರ ಮೇಲೆ ಇಡಿ" ಅಂದರು. ಮಾವ ಎದ್ದು ನಿಂತುಬಿಟ್ಟ.

"ಬ್ಯಾಡ ಕಣವ್ವ. ಮಗಳಂಗಿದ್ದೀಯ. ಮನೆ ಎಣ್ಮಕ್ಕಳು ಲಕ್ಷ್ಮಿ ಇದ್ದಂಗೆ. ನಿನ್ ಕೈಲಿ ಕಾಲ್ ಮುಟ್ಟಿಸ್ಕಂಡು ನಾನೆಲ್ ಓಗಿ ತೊಳ್ಕಳ್ಳಿ ಆ ಪಾಪವ? ಕಾಲು ನೆಟ್ಟಗವೆ."

"ಪರೀಕ್ಷೆ ಮಾಡಲೇಬೇಕು, ಅಪ್ಪಾಜಿ."

"ಅವನ್ನೇ ಕೇಳು, ನಮ್ ಅಳಿಮಯ್ಯನ್ನ."

ಪಾಂಡವಪುರದ ಬಸ್ಸಿಗೆ ಹೊತ್ತಾಗಿತ್ತು. ನಾನು, "ಕಾಲಿಗೇನೂ ಆಗಿಲ್ಲ ಮೇಡಂ, ಗದ್ದೆಲಿ ಓಡಾಡ್ತಾರೆ" ಅಂದೆ. ಎಲ್ಲರ ಕಣ್ಣಾರೆ ಕಂಡದ್ದನ್ನು ಪ್ರಶ್ನಿಸುವವನು, ನೋಡದೇ ಇದ್ದದ್ದಕ್ಕೆ ಸಾಕ್ಷಿ ಹೇಳಿ ಬಂದೆ. ಇರುವೆ ಆಗ ನೆನಪಿಗೆ ಬರಲಿಲ್ಲ, ಇಲ್ಲವೇ ಇನ್ನೂ ಮುತ್ತಿರಲಿಲ್ಲ. ಡಾಕ್ಟರು ಕಾರ್ಡಿನಲ್ಲಿ ಪಾದದ ಚಿತ್ರದ ಪಕ್ಕ ಒಂದು ಗೆರೆ ಎಳೆದು, "ರೋಗಿ ಒಪ್ಪಲಿಲ್ಲ, ಮುಂದಿನ ಸಲ" ಎಂದು ಬರೆದರು. ಮುಂದಿನ ಸಲವೂ, ಅದರ ಮುಂದಿನ ಸಲವೂ ಮಾವ ಹಾಗೇ ಮಾಡಿದ. ಆಮೇಲೆ ಮಾತ್ರೆ ತರಲು ನಾನೊಬ್ಬನೇ ಹೋಗತೊಡಗಿದೆ.

ಯುಗಾದಿಯಾದ ಮೇಲೆ ಮಾತ್ರೆ ಶುರುವಾಯಿತು. ತಿಂಗಳಿಗೊಂದು ಪಟ್ಟಿ. ಮೊದಲ ದಿನವೇ ಫೋನು ಬಂತು. "ಲೇ ಅಳಿಮಯ್ಯ, ಉಚ್ಚೆ ಕೆಂಪುಗ್ ಓಯ್ತಾ ಅದೆ ಕಣ್ಲಾ. ನಿನ್ ಡಾಕ್ಟರಮ್ಮ ನನ್ ಒಳಗೆ ಏನು ಕುಯ್ದಾಕವ್ಳೆ?" ಅದು ಮಾತ್ರೆಯ ಬಣ್ಣ, ಹೆದರಬೇಡ ಎಂದೆ. ಬೇಸಿಗೆ ಕಳೆಯುವಷ್ಟರಲ್ಲಿ ಮೈ ಬಣ್ಣವೂ ತಿರುಗಿತು. ಮುಖ ಹಳೆಯ ತಾಮ್ರದ ಹಂಡೆಯ ಹಾಗಾಯಿತು. ಆಷಾಢದಲ್ಲಿ, ಮೈಮೇಲೆ ಮಂಕಾಗಿದ್ದ ರೋಗದ ಮಚ್ಚೆಗಳೆಲ್ಲ ಇದ್ದಕ್ಕಿದ್ದಂತೆ ಕೆಂಪೇರಿ ಉಬ್ಬಿದವು, ಮೊಣಕೈ ನೋಯಿತು. ಔಷಧ ಉಷ್ಣ ಮಾಡಿದೆ ಎಂದುಕೊಂಡ ಮಾವ ಮಜ್ಜಿಗೆ ಕುಡಿದು ಸುಮ್ಮನಿದ್ದ. ನನಗೆ ಹೇಳಲೇ ಇಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಅತ್ತೆ, ಅಂದರೆ ಮಾವನ ಹೆಂಡತಿ, ಫೋನು ಮಾಡಿದಳು. ದಾಸ್ತಾನಿಟ್ಟ ಬೆಲ್ಲ ಕಾಯಲು ಮಾವ ಹಿಂದಿನ ರಾತ್ರಿ ಆಲೆಮನೆಯಲ್ಲೇ ಮಲಗಿದ್ದ. ಎದ್ದು ಮನೆಗೆ ಬಂದು ಕಾಲು ತೊಳೆಯಲು ನಿಂತಾಗ ಅತ್ತೆ ನೋಡಿದ್ದಾಳೆ. ಬಲಗಾಲಿನ ಹೆಬ್ಬೆರಳ ತುದಿಯ ಮಾಂಸ ಇಲ್ಲ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಬೆಲ್ಲದ ವಾಸನೆಗೆ ಆಲೆಮನೆಯಲ್ಲಿ ಇಲಿ ಹೆಚ್ಚು. ಬೆಲ್ಲದ ಜಿಗುಟು ಹತ್ತಿದ ಬೆರಳು ಅವಕ್ಕೆ ಬೆಲ್ಲವೇ. ಮಾವ ನೆಮ್ಮದಿಯಾಗಿ ನಿದ್ದೆ ಮಾಡಿದ್ದ. ಎದ್ದು ಎರಡು ಫರ್ಲಾಂಗು ನಡೆದೂ ಬಂದಿದ್ದ. ಅಂಗಾಲಿನ ಮಧ್ಯದಲ್ಲಿ ಇನ್ನೊಂದು ಗಾಯ ಇತ್ತು. ಅದು ಹಳೆಯದು, ಮಣ್ಣು ತುಂಬಿಕೊಂಡಿತ್ತು. ಯಾವಾಗ ಆದದ್ದೆಂದು ಯಾರಿಗೂ ಗೊತ್ತಿರಲಿಲ್ಲ.

ಈ ಸಲ ಮಾವ ಆಸ್ಪತ್ರೆಯಲ್ಲಿ ಮಾತಾಡದೆ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.

ಡಾಕ್ಟರು ಒಂದು ನೈಲಾನ್ ಎಳೆ ತೆಗೆದರು. ಅದನ್ನು ಚರ್ಮಕ್ಕೆ ತಾಗಿಸಿ ಬಾಗುವವರೆಗೆ ಒತ್ತುವುದು; ಕಣ್ಣು ಮುಚ್ಚಿದ ರೋಗಿ ತಾಗಿದಾಗಲೆಲ್ಲ 'ಹ್ಞೂ' ಅನ್ನಬೇಕು. ಮಾವನಿಗೆ ತೋರಿಸಿಕೊಡಲು ಮೊದಲು ನನ್ನ ಕಾಲಿಗೆ ಮಾಡುತ್ತೇನೆ ಎಂದರು. ನಾನು ಕಣ್ಣು ಮುಚ್ಚಿದೆ.

"ಹ್ಞೂ" ಅಂದೆ. "ಹ್ಞೂ." ಸ್ವಲ್ಪ ಹೊತ್ತಿನ ಮೇಲೆ ಹಿಮ್ಮಡಿಯ ಹತ್ತಿರ ಸಣ್ಣಗೆ ಒತ್ತಿದ್ದು ಗೊತ್ತಾಯಿತು. "ಹ್ಞೂ."

"ಇನ್ನೂ ಮುಟ್ಟಿಲ್ಲ ಸರ್" ಅಂದರು ಡಾಕ್ಟರು.

ಕಣ್ಣು ಬಿಟ್ಟೆ. ಅವರ ಕೈ ನನ್ನ ಪಾದದಿಂದ ಒಂದು ಗೇಣು ದೂರದಲ್ಲಿತ್ತು. "ಪರವಾಗಿಲ್ಲ, ಕಾಯ್ತಾ ಇದ್ದರೆ ಹಾಗಾಗುತ್ತೆ" ಎಂದರು. ನನಗೆ ಆ ಒತ್ತಡ ಇನ್ನೂ ಹಿಮ್ಮಡಿಯಲ್ಲಿತ್ತು.

ಮಾವನ ಎಡಗಾಲಿಗೆ ಎಳೆ ತಾಗಿದಾಗೆಲ್ಲ ಅವನು ಹ್ಞೂ ಅಂದ. ಬಲಗಾಲಿಗೆ ಬಂದಾಗ ಕೋಣೆ ಸುಮ್ಮನಾಯಿತು. ಎಳೆ ಬಾಗುತ್ತಿತ್ತು, ಏಳುತ್ತಿತ್ತು, ಇನ್ನೊಂದು ಜಾಗದಲ್ಲಿ ಬಾಗುತ್ತಿತ್ತು. ಮಾವ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಕಾದು ಕೂತಿದ್ದ. ಹತ್ತು ಜಾಗ ಮುಗಿದ ಮೇಲೆ, "ಈಗ ಸುರು ಮಾಡು ಅವ್ವ" ಅಂದ.

ಆಷಾಢದ ಮಚ್ಚೆಯ ಸಂಗತಿಯನ್ನು ಮಾವನಿಂದ ಕೇಳಿ ತಿಳಿದ ಡಾಕ್ಟರು ನನ್ನನ್ನು ಹೊರಗೆ ಕರೆದರು. ಆಷಾಢದಲ್ಲಿ ಮಚ್ಚೆ ಕೆಂಪಾಗಿದ್ದು ದೇಹದ ಕಾವಲು ಎದ್ದು ನರಗಳ ಮೇಲೆ ಬಿದ್ದದ್ದರ ಗುರುತು. ಕಾಲಿನ ನರ ಆಗ ಕೆಟ್ಟಿದ್ದರೆ ಆರು ತಿಂಗಳೊಳಗೆ ಸ್ಟಿರಾಯ್ಡ್ ಕೊಟ್ಟರೆ ಸ್ಪರ್ಶ ಸ್ವಲ್ಪವಾದರೂ ತಿರುಗಿ ಬರಬಹುದು. ಅದಕ್ಕೂ ಮೊದಲೇ ಸತ್ತಿದ್ದರೆ ಸ್ಟಿರಾಯ್ಡಿನಿಂದ ಲಾಭವಿಲ್ಲ, ನಷ್ಟವೇ. ಅದು ಗಾಯ ಮಾಯುವುದನ್ನು ತಡೆಯುತ್ತದೆ. ಗಾಯ ಎಲುಬಿಗೆ ಇಳಿದರೆ ಬೆರಳಲ್ಲ, ಪಾದವನ್ನೇ ತೆಗೆಯಬೇಕಾಗಬಹುದು. "ಮೊದಲನೇ ದಿನ ಕಾಲು ನೋಡಿದ್ದಿದ್ದರೆ ಈ ಪ್ರಶ್ನೆಯೇ ಇರ್ತಿರಲಿಲ್ಲ. ಈಗ ಹೇಳಿ, ಕಾಲಿನಲ್ಲಿ ಸ್ಪರ್ಶ ಇಲ್ಲ ಅನ್ನೋ ಥರ ಯಾವಾಗಾದರೂ ಏನಾದರೂ ನೋಡಿದ್ದೀರಾ? ಮಾತ್ರೆಗೆ ಮೊದಲೋ, ಆಮೇಲೋ?"

ಇರುವೆ ಅಂದೆ. ಹೇಳಿದೆ. ಅವರು ಕೇಳಿದರು: "ಯಾವಾಗ?"

"ಆಮೇಲೆ" ಎಂದೆ. "ಆಷಾಢದಲ್ಲಿ."

ಬಾಯಿಗೆ ಬಂದ ಉತ್ತರ ಅದು. ಆಸೆಯ ಉತ್ತರ. ಅದನ್ನು ಹೇಳಿದ ಕ್ಷಣದಿಂದ ಆ ಗದ್ದೆಯ ಬದುವಿನ ಮೇಲೆ ಆಷಾಢದ ಗಾಳಿ ಬೀಸತೊಡಗಿತು, ಹೊಂಗೆಯ ಎಲೆಗಳು ಅಲುಗಾಡಿದವು. ಅದಕ್ಕೆ ಮುಂಚೆ ಆ ನೆನಪಿನಲ್ಲಿ ಗಾಳಿ ಇರಲಿಲ್ಲ.

ಮಾವನನ್ನು ಊರಿಗೆ ಕರೆದೊಯ್ದು ಜಗುಲಿಯ ಮೇಲೆ ಮಲಗಿಸಿ, ಅತ್ತೆಯನ್ನು ಅಡುಗೆಮನೆಯಲ್ಲಿ ಹಿಡಿದೆ.

"ಅತ್ತೆ, ಮಾವನ ಕಾಲಿಗೆ ಇರುವೆ ಮುತ್ತಿದಾಗ ನೀನು ನೀರು ಸುರಿದೆಯಲ್ಲ, ಅದು ಯಾವಾಗ?"

"ಇರುವೆನಾ? ನಾನೆಲ್ ಸುರಿದ್ನಪ್ಪಾ?"

"ಹೊಂಗೆ ಮರದ ಹತ್ರ. ಬಿಂದಿಗೆ ತಂದಿದ್ದೆ. ಆಷಾಢದಲ್ಲಿ ಅಲ್ವಾ?"

"ಅಂಥದ್ದು ಕಂಡಿದ್ರೆ ನಾನು ಸುಮ್ನೆ ಬುಡ್ತಿದ್ನಾ? ಊರೆಲ್ಲ ಒಂದು ಮಾಡಿರ್ತಿದ್ದೆ." ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟಳು. "ಆಷಾಡದಲ್ಲಿ ನಾನೆಲ್ಲಿದ್ದೆ ಇಲ್ಲಿ? ನಾಗಮಂಗಲಕ್ಕೆ ಓಗಿದ್ನಲ್ಲ, ನಮ್ಮಕ್ಕನ ಮಗಳ ಬಾಣಂತನಕ್ಕೆ. ಒಂದೂವರೆ ತಿಂಗಳು."

ಹಾಗಾದರೆ ನಾನು ಕಂಡ ಹೆಂಗಸು ಅತ್ತೆಯಾಗಿದ್ದರೆ ಅದು ಆಷಾಢವಲ್ಲ. ಆಷಾಢವಾಗಿದ್ದರೆ ಅವಳು ಅತ್ತೆಯಲ್ಲ. ಅತ್ತೆಯಲ್ಲದಿದ್ದರೆ ಯಾರು? ಹಸಿರು ಸೀರೆ, ಸೊಂಟದ ಮೇಲೆ ಬಿಂದಿಗೆ. ಮುಖ ನೆನಪು ಮಾಡಿಕೊಳ್ಳಲು ಹೋದೆ. ಅಲ್ಲಿ ಮುಖವಿರಲಿಲ್ಲ.

ಜಗುಲಿಗೆ ಬಂದು ಮಾವನನ್ನು ಕೇಳಿದೆ. ಅವನು ಆಕಳಿಸಿದ.

"ಇರುವೆ ಮುತ್ತಿದ್ವು, ದಿಟ. ಎಂಗ್ಸು ಯಾವ್ಳೂ ಇರ್ನಿಲ್ಲ ಕಣ್ಲಾ. ನೀರು ಉಯ್ದೋನು ನೀನೇ. ಔಸ್ದಿ ಒಡೆಯೋ ಕ್ಯಾನ್ ಇತ್ತಲ್ಲ, ಅದ್ರಲ್ಲಿ ನಾಲೆ ನೀರು ತಂದು ಉಯ್ದೆ. ಉಯ್ದು ಅಳ್ತಾ ನಿಂತ್ಕಂಡೆ."

"ನಾನಾ? ಅಳ್ತಿದ್ನಾ?"

"ಊಂ. ಎಂಗಸ್ರಂಗೆ."

ನನಗೆ ಆ ಕ್ಯಾನು ನೆನಪಿಲ್ಲ. ಅಳು ನೆನಪಿಲ್ಲ. ನನ್ನ ಕೈಯನ್ನೇ ಯಾರದೋ ಕೈ ಮಾಡಿ, ಅದಕ್ಕೊಂದು ಸೀರೆ ಉಡಿಸಿ ಇಟ್ಟುಕೊಂಡಿದ್ದೆನೇ? ಇಲ್ಲ, ಮಾವ ತಮಾಷೆ ಮಾಡುತ್ತಿದ್ದಾನೆಯೇ?

"ಯಾವಾಗ ಮಾವ ಅದು? ಸರಿಯಾಗಿ ಹೇಳು. ಮಾತ್ರೆ ತಗೊಳ್ಳೋಕೆ ಮೊದಲೋ?"

"ನಿಂಗೆ ಯಾವಾಗ ಬೇಕು ಏಳು, ಆವಾಗ್ಲೇ ಅನ್ನಣ."

"ಮಾವ!"

"ಕೆಂಪು ಉಚ್ಚೆ ಓಯ್ತಿತ್ತು ಆವಾಗ. ಮಾತ್ರೆ ಆದ್ಮೇಲೇ ಬುಡು." ನನ್ನ ಮುಖ ನೋಡಿ ನಕ್ಕ. ಎದುರಿನವನಿಗೆ ಬೇಕಾದ ಉತ್ತರವನ್ನು ಹುಡುಕಿ ಕೊಡುವುದು ಮಾವನ ಹುಟ್ಟುಗುಣ. ಹೆಣ್ಣು ನೋಡಲು ಬಂದವರಿಗೂ, ಹಸು ಕೊಳ್ಳಲು ಬಂದವರಿಗೂ ಅವನು ಹಾಗೇ.

ಡಾಕ್ಟರಿಗೆ ಫೋನು ಮಾಡಿ ನನಗೆ ಖಾತ್ರಿಯಿಲ್ಲ ಎಂದು ಒಪ್ಪಿಕೊಂಡೆ. ಮೊಣಕೈಯ ನರ ಇನ್ನೂ ಊದಿ ನೋಯುತ್ತಿದೆ, ಅದಕ್ಕಂತೂ ಸ್ಟಿರಾಯ್ಡ್ ಬೇಕೇ ಬೇಕು, ಶುರು ಮಾಡೋಣ, ಆದರೆ ವಾರ ವಾರ ಗಾಯ ನೋಡಬೇಕು, ಕೆಟ್ಟರೆ ನಿಲ್ಲಿಸಬೇಕು ಎಂದರು. "ಇನ್ನೊಂದು ಮಾತು. ಇವರ ಗಾಯಕ್ಕೆ ಮಾಯೋ ಶಕ್ತಿ ಇಲ್ಲ ಅಂದ್ಕೋಬೇಡಿ. ನಮ್ಮ ಗಾಯ ಮಾಯೋ ಹಾಗೇ ಅದೂ ಮಾಯುತ್ತೆ. ನಮಗೆ ನೋಯುತ್ತೆ, ಅದಕ್ಕೇ ಕಾಲೂರಲ್ಲ. ಅವರಿಗೆ ನೋಯಲ್ಲ, ನಡೀತಾರೆ. ನಡೆದರೆ ಒಡೆಯುತ್ತೆ. ಕಾಲು ಊರಬಾರದು, ಅಷ್ಟೆ."

ಅಷ್ಟೆ ಅನ್ನುವುದು ಎಷ್ಟು ಕಷ್ಟ ಎಂದು ಮುಂದಿನ ವಾರಗಳಲ್ಲಿ ಗೊತ್ತಾಯಿತು. ನೋವು ಇಲ್ಲದ ಕಾಲನ್ನು ಮಲಗಿಸಿ ಇಡುವುದು, ನಿದ್ದೆ ಬಾರದ ಮಗುವನ್ನು ಮಲಗಿಸಿದ ಹಾಗೆ. ಪ್ರತಿ ಶನಿವಾರ ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್. ಪೇಟೆಯ ಬಸ್ಸುಗಳನ್ನು ಹತ್ತಿ ಇಳಿದು ಹೋಗುತ್ತಿದ್ದೆ. ಮೊದಲ ಶನಿವಾರ ಸಾರಿಸಿದ ಅಂಗಳದಲ್ಲಿ ಹೆಜ್ಜೆ ಗುರುತು ಕಂಡೆ. ಒಂದು ಬರಿಗಾಲಿನದು, ಐದು ಬೆರಳು. ಇನ್ನೊಂದಕ್ಕೆ ಬೆರಳಿರಲಿಲ್ಲ, ಬಟ್ಟೆಯ ನೇಯ್ಗೆಯ ಗುರುತು ಮಾತ್ರ. ಜಗುಲಿಯಿಂದ ಕೊಟ್ಟಿಗೆಗೆ ಹೋಗಿ ತಿರುಗಿ ಬಂದಿದ್ದವು.

"ನಡೆದೆಯಾ ಮಾವ?"

"ಇಲ್ವಲ್ಲ."

ಬ್ಯಾಂಡೇಜಿನ ತಳ ಕಂದಾಗಿತ್ತು. ತೋರಿಸಿದೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. "ಎಮ್ಮೆ ಕೂಗ್ತು ಅನ್ಸುತ್ತೆ," ಅಂದ ಮೆಲ್ಲಗೆ, "ಕಾಲು ಏನೂ ಅನ್ನನಿಲ್ಲ ಕಣ್ಲಾ. ನಾನು ಓಗಿದ್ದು ನಂಗೇ ಗ್ಯಾನವಿಲ್ಲ." ಅವನ ದನಿಯಲ್ಲಿ ಮೊದಲ ಸಲ ಭಯ ಕೇಳಿಸಿತು.

ಎರಡನೆಯ ಶನಿವಾರ ಗಾಯ ದೊಡ್ಡದಾಗಿತ್ತು. ಅಂಚು ಬೆಳ್ಳಗೆ ನೆನೆದು, ವಾಸನೆ ಬರುತ್ತಿತ್ತು. ನನ್ನ ಮಾತಿನಿಂದ ಕೊಟ್ಟ ಸ್ಟಿರಾಯ್ಡ್ ಈ ಕಾಲನ್ನು ತಿನ್ನುತ್ತಿದೆ ಎಂದುಕೊಂಡು ಅವತ್ತೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಇನ್ನೊಂದು ವಾರ ನೋಡೋಣ, ಸೋಂಕು ಒಳಗಿಳಿದಿಲ್ಲ ಎಂದರು. ಆ ವಾರ ಅತ್ತೆ ಮಾವನ ಎಡಗಾಲನ್ನು ಮಂಚದ ಕಾಲಿಗೆ ಸೀರೆಯ ಅಂಚಿನಿಂದ ಕಟ್ಟಿಹಾಕಿದಳು. ಸತ್ತ ಕಾಲನ್ನು ಕಟ್ಟಿದರೆ ಎಳೆದುಕೊಂಡು ಹೋಗುತ್ತಾನೆ, ಜೀವವಿರುವ ಕಾಲನ್ನು ಕಟ್ಟಿದರೆ ಅದು ಅವನನ್ನು ಎಬ್ಬಿಸುತ್ತದೆ ಎಂದು ಅವಳ ಲೆಕ್ಕ. ನನ್ನ ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕ.

ಅಷ್ಟರಲ್ಲಿ ಕಬ್ಬು ಅರೆಯುವ ಕಾಲ ಬಂತು. ಆಲೆಮನೆಯಿಂದ ಇಬ್ಬರು ಬಂದರು, ಮೊದಲ ಪಾಕಕ್ಕೆ ಕರೆಯಲು.

"ಕಾಲು ಮನೇಲಿ ಬುಟ್ಟು ಕೈ ಒಂದ ಕಳ್ಸು ಗೌಡ" ಅಂದ ಒಬ್ಬ. "ಟ್ರಾಕ್ಟರಲ್ಲಿ ಒತ್ಕಂಡ್ ಓಯ್ತೀವಿ, ಒತ್ಕಂಡ್ ಬತ್ತೀವಿ."

ಮಾವ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹೋಗಲು ಅವನಿಗೆ ಆಸೆಯಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು.

"ಇದು ಅಮ್ಮ ಮುಟ್ಟಿದ್ ಕೈ ಅಲ್ಲ ಕಣ್ರಲಾ," ಅಂದ. "ಕಾಯ್ಲೆ ಕೈ. ದೊಡ್ಡ ರೋಗ. ನೀರಲ್ಲಿ ಕೈ ಅದ್ದಿ ನೀವೇ ನೋಡ್ಕಳಿ ಪಾಕವ."

ಆ ಮಾತು ಆ ಜಗುಲಿಯಲ್ಲಿ ಮೊದಲ ಸಲ ಕೇಳಿದ್ದು. ಇಬ್ಬರೂ ಕಾಫಿ ಲೋಟಗಳನ್ನು ಹಿಡಿದುಕೊಂಡೇ ಇದ್ದರು. ಕೊನೆಗೆ ಒಬ್ಬ, "ನಮ್ಗೆ ಗೊತ್ತಿತ್ತು ಬುಡು ಗೌಡ" ಅಂದ. ಎಷ್ಟು ದಿನದಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ. ಅವರು ಕಾಫಿ ಕುಡಿದು ಮುಗಿಸಿಯೇ ಹೋದರು.

ಮೂರನೆಯ ವಾರ ಗಾಯದ ತಳದಲ್ಲಿ ಕೆಂಪು ಮಾಂಸ ಕಂಡಿತು, ದಾಳಿಂಬೆಯ ಕಾಳಿನ ಹಾಗೆ. ಆರನೆಯ ವಾರದ ಹೊತ್ತಿಗೆ ಸುತ್ತಲಿನಿಂದ ಹೊಸ ಚರ್ಮ ಒಳಗೆ ಸರಿಯುತ್ತಿತ್ತು, ಬತ್ತುವ ಕಟ್ಟೆಯ ನೀರಿನ ಹಾಗೆ ಗಾಯ ನಡುವಿಗೆ ಸಣ್ಣದಾಗುತ್ತಿತ್ತು. ಪುಷ್ಯ ಮಾಸದಲ್ಲಿ ಮುಚ್ಚಿತು. ಹೆಬ್ಬೆರಳು ಮೊಂಡಾಯಿತು, ಪಾದ ಉಳಿಯಿತು. ಸ್ಪರ್ಶದ ಬಗ್ಗೆ ಡಾಕ್ಟರು ಇನ್ನೂ ಏನೂ ಹೇಳುತ್ತಿರಲಿಲ್ಲ. ಮೆತ್ತನೆಯ ರಬ್ಬರಿನ ತಳವಿರುವ ಚಪ್ಪಲಿ ಮಾಡಿಸಿಕೊಟ್ಟರು. ಹಾಕಿಕೊಂಡು ನಡೆದ ಮೇಲೆ ಪಾದದಲ್ಲಿ ಎಲ್ಲಾದರೂ ಕೆಂಪಾಗಿದೆಯೇ ನೋಡಬೇಕು, ಇಪ್ಪತ್ತು ನಿಮಿಷದೊಳಗೆ ಆ ಕೆಂಪು ಹೋಗದಿದ್ದರೆ ಆ ಚಪ್ಪಲಿ ಹಾಕಬಾರದು ಎಂದು ನನಗೂ ಅತ್ತೆಗೂ ಎರಡೆರಡು ಸಲ ಹೇಳಿದರು.

ಮೊದಲ ದಿನ ಮಾವ ಅಂಗಳದಲ್ಲಿ ನಡೆಯುವಾಗ ನಾನಿದ್ದೆ. ಬೆಳಿಗ್ಗೆ ಹತ್ತು ಗಂಟೆ. ಅವನು ಬೀದಿಯಲ್ಲಿ ಹೋಗುತ್ತಿದ್ದ ಹಾಲಿನ ಡೈರಿಯವನನ್ನು ನಿಲ್ಲಿಸಿ ಹಾಲಿನ ಗುಣಮಟ್ಟದ ಬಗ್ಗೆ ಜಗಳ ತೆಗೆದಿದ್ದ. ಕತ್ತು ಬೀದಿಯ ಕಡೆಗಿತ್ತು. ಜಗಳದ ನಡುವೆ ನಿಂತ.

"ಥೂ, ಕಚ್ತದೆ ಕಣ್ಲಾ ಈ ಚಪ್ಪಲಿ" ಅಂದ, ನನ್ನ ಕಡೆ ನೋಡದೆ. ಮತ್ತೆ ಡೈರಿಯವನಿಗೆ, "ನೀನೇನ್ ಏಳ್ತಾ ಇದ್ದೆ?"

ನಾನು ಓಡಿದೆ. "ಯಾವ ಕಾಲು?"

"ಬಲಗಾಲು. ಒಳಗಡೆ, ಪಟ್ಟಿ ಕೆಳಗೆ."

ಕೂರಿಸಿ ಚಪ್ಪಲಿ ಬಿಚ್ಚಿದೆ. ಬಲ ಪಾದದ ಒಳಬದಿಯಲ್ಲಿ, ಪಟ್ಟಿಯ ಅಂಚು ತಾಗುವಲ್ಲಿ, ಹುಣಸೆ ಬೀಜದಷ್ಟು ಅಗಲ ಕೆಂಪಗಾಗಿತ್ತು. ಅವನು ಕಾಲನ್ನು ನೋಡದೆಯೇ ಹೇಳಿದ ಜಾಗ.

ಅತ್ತೆಯನ್ನು ಕೂಗಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಡೈರಿಯವನೂ ಕ್ಯಾನು ಇಳಿಸಿ ಬಂದ. ಗಡಿಯಾರ ನೋಡಿದೆ, ಹತ್ತು ಗಂಟೆ ಎಂಟು ನಿಮಿಷ. ಆಸ್ಪತ್ರೆಯ ಕಾರ್ಡಿನ ಹಿಂದೆ ತಾರೀಖು ಬರೆದೆ, ಗಂಟೆ ಬರೆದೆ, ಯಾವ ಕಾಲು, ಯಾವ ಜಾಗ, ಪಕ್ಕದಲ್ಲಿ ಯಾರ್ಯಾರಿದ್ದರು ಎಂದು ಬರೆದೆ. ಮಾವ, "ಏನ್ಲಾ ಇದು, ಜಮೀನು ಕ್ರಯಕ್ಕೆ ಬರೆದಂಗೆ ಬರೀತಾ ಇದ್ದೀಯ" ಅಂದ. ನಾಲ್ವರೂ ಆ ಪಾದದ ಸುತ್ತ ಕೂತು ಕೆಂಪು ಇಳಿಯುವುದನ್ನೇ ಕಾದೆವು.